ಮೂರನೇ ಮಹಡಿಯ ಸಹಿ

ಸಾಹೇಬರ ಬೂಟು ಸವೆಯುವುದಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿ ಇದನ್ನು ತನ್ನ ಪಾಲಿಶಿನ ಮಹಿಮೆ ಎಂದುಕೊಂಡಿದ್ದಳು. ಮಗಳು ಹುಟ್ಟುವ ಹೊತ್ತಿಗೆ ನಿಜ ಗೊತ್ತಾಗಿತ್ತು. ಊರಿನ ಡೇಕೇರುಗಳ ಮೆಟ್ಟಿಲು ಹತ್ತಿ ಇಳಿದು, ಒಳಗೆಲ್ಲ ನೋಡಿ, ಪರವಾನಗಿ ಕೊಡಬಹುದೋ ಬಾರದೋ ಎಂದು ವರದಿ ಬರೆಯುವುದು ಸಾಹೇಬರ ನೌಕರಿ. ಅಂಥ ನೌಕರಿಯವನ ಬೂಟು ವರ್ಷಕ್ಕೊಮ್ಮೆಯಾದರೂ ಸವೆಯಬೇಕು. ಇವರದು ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇರುತ್ತಿತ್ತು. ಅಡಿಯಲ್ಲಿ ಅಚ್ಚೊತ್ತಿದ ಕಂಪನಿಯ ಹೆಸರನ್ನು ಕೂಡ ಓದಬಹುದಿತ್ತು. ಸವೆಯುತ್ತಿದ್ದದ್ದು ಪ್ಯಾಂಟಿನ ಹಿಂಭಾಗ. ಅದಕ್ಕೆ ತೇಪೆ ಹಾಕುವವಳು ಅವಳೇ.

"ನಮ್ಮನೆಯವರು ತಪಾಸಣೆ ಮಾಡೋದು ಕುರ್ಚಿ ಒಂದನ್ನೇ ಕಣೇ," ಎಂದು ತಂಗಿಯ ಹತ್ತಿರ ಹೇಳಿ ನಗುತ್ತಿದ್ದಳು. ಆ ಗುರುವಾರ ಸಂಜೆ ಮಗಳು ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಬರುವತನಕ ಅದು ನಗುವ ವಿಷಯವೇ ಆಗಿತ್ತು.

ಮಗಳ ಹೆರಿಗೆ ರಜೆ ಮುಗಿದಿತ್ತು. ಸೋಮವಾರದಿಂದ ಆಸ್ಪತ್ರೆಯ ಲ್ಯಾಬಿನಲ್ಲಿ ಮತ್ತೆ ಕೆಲಸ. ಪುಟ್ಟಿ ಆಗತಾನೇ ಅಂಬೆಗಾಲಿಡಲು ಕಲಿತಿದ್ದಳು, ನೆಲದಲ್ಲಿ ಕಂಡದ್ದೆಲ್ಲ ಬಾಯಿಗೆ. ಹಾಸಿಗೆ ಹಿಡಿದ ಸಾಹೇಬರ ತಾಯಿಯ ಚಾಕರಿಯಲ್ಲೇ ಹೆಂಡತಿಯ ಹಗಲು ಕಳೆದುಹೋಗುತ್ತಿದ್ದರಿಂದ ಮಗುವನ್ನು ಡೇಕೇರಿಗೆ ಬಿಡದೆ ಬೇರೆ ದಾರಿ ಇರಲಿಲ್ಲ.

"ಅಪ್ಪಾ, ನಿಮ್ಮ ಇಲಾಖೆಯವರು ರೆಕಾರ್ಡೆಲ್ಲ ಆನ್‌ಲೈನಲ್ಲಿ ಹಾಕಿದಾರೆ," ಎಂದು ಮಗಳು ಫೋನು ಹಿಡಿದು ಸಾಹೇಬರ ಪಕ್ಕ ಕೂತಳು. "ಯಾರಿಗೆ ಪರವಾನಗಿ ಇದೆ, ಯಾವಾಗ ತಪಾಸಣೆ ಆಯ್ತು, ಏನೇನು ತಪ್ಪು ಸಿಕ್ತು, ಎಲ್ಲ ಇದೆ. ನಾನು ಎರಡು ಜಾಗ ಆರಿಸಿದೀನಿ ನೋಡು."

ಒಂದು, ಆಸ್ಪತ್ರೆಯ ಎದುರಿನ ನೀಲಿ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಅದರ ದಾಖಲೆಯಲ್ಲಿ ಮೇಲಿಂದ ಕೆಳಗಿನವರೆಗೂ ಒಂದೇ ಮಂತ್ರ: ಯಾವುದೇ ನ್ಯೂನತೆ ಕಂಡುಬಂದಿಲ್ಲ. ಪ್ರತಿ ಸಾಲಿನ ಕೊನೆಗೂ ಸಾಹೇಬರ ಸಹಿ. ಇನ್ನೊಂದು, ಬೇಕರಿಯ ಹಿಂದೆ ನೆಲಮಟ್ಟದಲ್ಲೇ ಇದ್ದ ಹಳೆಯ ಮನೆ. ಅದರ ದಾಖಲೆ ಬಿಚ್ಚಿದರೆ ತಪ್ಪುಗಳ ಸಂತೆ. ಗೇಟಿನ ಚಿಲಕ ಸಡಿಲ, ನಲ್ಲಿಯ ನೀರು ತೀರಾ ಬಿಸಿ, ಔಷಧದ ಡಬ್ಬಿ ಮಕ್ಕಳ ಕೈಗೆ ಸಿಗುವ ಹಾಗಿದೆ, ಇರುವ ಮಕ್ಕಳಿಗೆ ಆಯಾಗಳು ಸಾಲರು. ಒಂದೊಂದರ ಕೆಳಗೂ 'ಸರಿಪಡಿಸಿದ್ದಾರೆ, ಮತ್ತೆ ಹೋಗಿ ನೋಡಿದ್ದೇನೆ' ಎಂಬ ಟಿಪ್ಪಣಿ. ಸಹಿ ಒಬ್ಬ ಹೆಂಗಸಿನದು.

ಸಾಹೇಬರು ಹೊಟ್ಟೆ ಕುಲುಕಿಸಿ ನಕ್ಕರು. "ಅಯ್ಯೋ, ಭೂತಗನ್ನಡಿ!" ಕಚೇರಿಯಲ್ಲಿ ಆ ಸಹೋದ್ಯೋಗಿಗೆ ಈ ಅಡ್ಡಹೆಸರು ಇಟ್ಟವರು ಇವರೇ. "ಹೋದ ಕಡೆಯೆಲ್ಲ ನೆಲದ ಮೇಲೆ ಅಂಬೆಗಾಲಲ್ಲಿ ಓಡಾಡ್ತಾಳೆ ಕಣಮ್ಮ. ಮಗುವಿನ ಎತ್ತರದಿಂದ ನೋಡಿದ್ರೇನೇ ಗೊತ್ತಾಗೋದಂತೆ! ಆಫೀಸರ್ ಅಂದ್ಮೇಲೆ ಒಂದು ಗತ್ತು ಬೇಡ್ವಾ? ಇಷ್ಟುದ್ದ ತಪ್ಪಿರೋ ಕಡೆ ಯಾಕೆ ಹೋಗ್ತೀಯ, ತಪ್ಪೇ ಇಲ್ದಿರೋ ಜಾಗ ಆಸ್ಪತ್ರೆ ಎದುರಿಗೇ ಇರುವಾಗ?"

"ನಾನೂ ಅದನ್ನೇ ಅಂದ್ಕೊಂಡೆ. ನಿನ್ನ ಸಹಿ ನೋಡಿದ್ಮೇಲೆ ನಿಶ್ಚಿಂತೆ ಆಯ್ತಪ್ಪ," ಎಂದಳು ಮಗಳು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಇದನ್ನು ಕೇಳಿಸಿಕೊಂಡಳು. ಓದಿದ ಹುಡುಗಿ, ಲ್ಯಾಬಿನಲ್ಲಿ ರಕ್ತದ ಹನಿಯನ್ನು ಎರಡೆರಡು ಸಲ ನೋಡುವವಳು, ಅಪ್ಪನ ಸಹಿ ಎಂದರೆ ಕಣ್ಣುಮುಚ್ಚಿ ನಂಬುತ್ತಾಳೆ. ಮಗಳು ಮಗುವಿಗೆ ಹಾಲು ಕುಡಿಸಲು ಒಳಗೆ ಹೋದ ಮೇಲೆ ಆಕೆ ಗಂಡನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು:

"ರೀ, ಆ ನೀಲಿ ಕಟ್ಟಡ ಹತ್ತಿದೀರಾ?"

"ಎಷ್ಟು ವರ್ಷದ ಸರ್ವಿಸ್ ನಂದು! ಕೆಳಗೆ ನಿಂತು ವಾಸನೆ ಹಿಡಿದ್ರೆ ಸಾಕು, ಮೇಲೆ ಏನಿದೆ ಅಂತ ಗೊತ್ತಾಗ್ಬಿಡುತ್ತೆ."

ನಾಯಿಯೂ ಮೂಸೋದಕ್ಕೆ ಹತ್ತಿರ ಹೋಗುತ್ತೆ ಎಂದು ನಾಲಗೆಯ ತುದಿಗೆ ಬಂದದ್ದನ್ನು ಆಕೆ ನುಂಗಿಕೊಂಡಳು. ಪಕ್ಕದ ಕೋಣೆಯಲ್ಲಿ ಮಗಳಿದ್ದಳು.

ಮರುದಿನ ಸಾಹೇಬರು ಕಚೇರಿಗೆ ಹೋದ ಮೇಲೆ ಹೆಂಡತಿ, ಅತ್ತೆಯನ್ನು ನೋಡಿಕೊಳ್ಳಲು ಪಕ್ಕದ ಮನೆಯವಳಿಗೆ ಹೇಳಿ, ನೀಲಿ ಕಟ್ಟಡಕ್ಕೆ ಹೋದಳು. ಮೆಟ್ಟಿಲು ಕಡಿದಾಗಿತ್ತು. ಎರಡನೇ ಮಹಡಿಗೆ ಉಸಿರು ಬಾಯಿಗೆ ಬಂತು. ಇಲ್ಲಿಗೆ ಆ ಮನುಷ್ಯ ಹತ್ತಿರಬಹುದು ಎಂದು ಒಂದು ಕ್ಷಣವಾದರೂ ಅಂದುಕೊಂಡೆನಲ್ಲ ಎಂದು ತನ್ನ ಮೇಲೇ ನಗು ಬಂತು.

ಬಾಗಿಲು ತೆಗೆದ ಒಡತಿಯದು ಬೆಣ್ಣೆಯಂಥ ಮಾತು. ಗೋಡೆಗೆಲ್ಲ ನೀಲಿ ಬಣ್ಣ, ಚಾವಣಿಯಿಂದ ಇಳಿಬಿಟ್ಟ ಕಾಗದದ ನಕ್ಷತ್ರಗಳು, ಎದುರಿಗೇ ಗಾಜಿನ ಚೌಕಟ್ಟಿನಲ್ಲಿ ಪರವಾನಗಿ. ಗಂಡನ ಸಹಿಯನ್ನು ದೇವರ ಪಟದ ಹಾಗೆ ಎತ್ತರದಲ್ಲಿ ತೂಗುಹಾಕಿದ್ದನ್ನು ಕಂಡು ಆಕೆಗೆ ಮೈಯೆಲ್ಲ ಉರಿಯಿತು. ನಿಂತು ನೋಡುವವರಿಗೆ ಎಲ್ಲವೂ ಚೆನ್ನಾಗಿತ್ತು. ಭೂತಗನ್ನಡಿಯ ನೆನಪಾಯಿತು. ಆಕೆ ಮೆಲ್ಲಗೆ ಮಂಡಿಯೂರಿ, ಅಂಗೈ ನೆಲಕ್ಕೆ ಕೊಟ್ಟಳು.

"ಅಮ್ಮಾ, ತಲೆ ಸುತ್ತು ಬಂತಾ?" ಎಂದಳು ಒಡತಿ ಗಾಬರಿಯಿಂದ.

"ಇಲ್ಲಮ್ಮ. ನಮ್ಮ ಪುಟ್ಟಿ ಓಡಾಡೋದು ಹೀಗೇ ಅಲ್ವಾ, ಅದಕ್ಕೆ."

ಅಲ್ಲಿಂದ ನೋಡಿದರೆ ನಕ್ಷತ್ರವೂ ಇಲ್ಲ, ನೀಲಿಯೂ ಇಲ್ಲ. ಕಣ್ಣಿನ ನೇರಕ್ಕೆ ಮುಚ್ಚಳವಿಲ್ಲದ ಪ್ಲಗ್ಗು. ಕೈತೊಳೆಯುವ ಬೇಸಿನ್ನಿನ ಅಡಿಯಲ್ಲಿ ಜ್ಯೂಸಿನ ಬಾಟಲಿಯಲ್ಲಿ ತುಂಬಿಟ್ಟ ಫಿನಾಯಿಲು. ತೊಟ್ಟಿಲಿನ ಮುರಿದ ಪಟ್ಟಿಗೆ ಗುಲಾಬಿ ರಿಬ್ಬನ್ನು ಕಟ್ಟಿ ಅಲಂಕಾರ ಮಾಡಿದ್ದರು. ಇದ್ದೊಬ್ಬ ಆಯಾ ಒಂದು ಮಗುವನ್ನು ಎತ್ತಿಕೊಂಡು, ಇನ್ನೊಂದನ್ನು ಕಾಲಲ್ಲಿ ತೂಗುತ್ತ, ಉಳಿದವುಗಳ ಆಸೆಯನ್ನೇ ಬಿಟ್ಟಿದ್ದಳು. ಬಾಲ್ಕನಿಯ ಬಾಗಿಲು ತೆರೆದಿತ್ತು. ಮೂಗು ಸುರಿಸುತ್ತಿದ್ದ ಒಂದು ಕೂಸು ಅಲ್ಲಿದ್ದ ಹೂಕುಂಡದ ಕಡೆಗೆ ಸರಸರ ಹೊರಟಿತ್ತು. ಆಕೆಯೂ ಹಿಂದೆಯೇ ತೆವಳಿ ಅದರ ಅಂಗಿ ಹಿಡಿದಳು. ಕುಂಡದ ಹಿಂದೆ ಕಟಕಟೆಯ ಸರಳು ಇರಲಿಲ್ಲ. ಕೆಳಗೆ ರಸ್ತೆ ಕಾಣುತ್ತಿತ್ತು, ರಸ್ತೆಯಾಚೆ ಒಂದು ಚಹಾದಂಗಡಿಯೂ.

ಆಕೆ ಮಗುವನ್ನು ಎದೆಗವಚಿಕೊಂಡು ಎದ್ದಳು. ಬಾಲ್ಕನಿಯ ಬಾಗಿಲನ್ನು ತಾನೇ ಎಳೆದು ಚಿಲಕ ಹಾಕಿದಳು. "ಇದನ್ನೆಲ್ಲ ತಪಾಸಣೆಯವರು ನೋಡಿದಾರಾ?"

"ಅವರು ದೇವರಂಥೋರು ಅಮ್ಮಾ," ಎಂದಳು ಒಡತಿ. "ಮಂಡಿ ನೋವು, ಪಾಪ. ಎದುರಿನ ಚಹಾದಂಗಡೀಲೇ ಕೂತ್ಕೋತಾರೆ, ನಾನು ಫೋನಲ್ಲಿ ಫೋಟೋ ತೋರಿಸ್ತೀನಿ, ಸಹಿ ಹಾಕ್ತಾರೆ. ಒಂದು ಪೈಸೆ ಮುಟ್ಟಲ್ಲ! ಚಹಾದ ಜೊತೆ ಒಂದು ಬಿಸ್ಕತ್ತು, ಅಷ್ಟೇ."

ಲಂಚವನ್ನಾದರೂ ತಿಂದಿದ್ದರೆ ದುರಾಸೆ ಎಂದು ಬೈಯಬಹುದಿತ್ತು. ದುರಾಸೆಗೂ ಮೈಬಗ್ಗಿಸಬೇಕು. ಈ ಮನುಷ್ಯ ಅದಕ್ಕೂ ಸೋಮಾರಿ. ಒಂದು ಬಿಸ್ಕತ್ತಿಗೆ ಇಷ್ಟು ಮಕ್ಕಳನ್ನು ಮಾರಿಕೊಂಡವನ ಜೊತೆ ಇಷ್ಟು ವರ್ಷ ಬಾಳಿದೆನಲ್ಲ ಎಂದು ಆಕೆಗೆ ಹೇಸಿಗೆಯಾಯಿತು.

ಸಂಜೆ ಮಗಳು ಮತ್ತೆ ಬಂದಿದ್ದಳು, ಸಾಹೇಬರು ಪುಟ್ಟಿಯನ್ನು ತೊಡೆಯ ಮೇಲೆ ಕುದುರೆಯಾಡಿಸುತ್ತ ಕೂತಿದ್ದರು. ಎಲ್ಲವನ್ನೂ ಮುಖದ ಮೇಲೆ ಎಸೆಯಬೇಕೆಂದೇ ಆಕೆ ಬಂದಿದ್ದಳು. ಆದರೆ ತಾನು ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಕುಣಿಯಲಾರದವಳಿಗೆ ನೆಲ ಡೊಂಕು ಎಂಬಂತೆ ಇವರಿಗೆ ಮಂಡಿ ನೋವು, ಇಲಾಖೆಗೆ ಸಿಬ್ಬಂದಿಯ ಕೊರತೆ, ಹೆಂಡತಿಗೆ ಅನುಮಾನದ ರೋಗ. ಬಾಯಿ ಬಿಡಬೇಕಾದವರು ಅವರೇ. ಬಿಡದಿದ್ದರೆ ಮಗಳ ಕೈಯಿಂದ ಫೋನು ಕಿತ್ತುಕೊಳ್ಳುವುದು ಇದ್ದೇ ಇತ್ತು.

"ಅಮ್ಮಾ, ಮೂರನೇ ಮಹಡಿಯದಕ್ಕೇ ಸೇರಿಸ್ತೀನಿ," ಎಂದಳು ಮಗಳು. "ಇದನ್ನ ಒತ್ತಿದ್ರೆ ಮುಗೀತು."

"ಸೇರಿಸು. ನಿಮ್ಮಪ್ಪ ಸಹಿ ಹಾಕಿದಾರೆ, ಇನ್ನೇನು?" ಆಕೆ ಗಂಡನ ಕಡೆ ತಿರುಗಿದಳು. "ಅಲ್ಲಿ ಬಾಲ್ಕನಿ ಹೇಗಿದೆ ಅಂತ ಮಗಳಿಗೆ ಸ್ವಲ್ಪ ಹೇಳಿ."

"ಬಾಲ್ಕನಿ ಇದ್ಯಾ ಅಲ್ಲಿ?" ಎಂದರು ಸಾಹೇಬರು.

ಮಗಳ ಬೆರಳು ಹಾಗೇ ನಿಂತಿತು. "ಅಪ್ಪಾ, ನೀನು ಅಲ್ಲಿಗೆ ಹೋಗಿದೀಯ ತಾನೇ?"

"ಹೋಗದೆ ಏನು... ಅಂದ್ರೆ ಕೆಳಗೆ... ಎಷ್ಟು ಡೇಕೇರು ಗೊತ್ತಾ ನನ್ನ ಪಾಲಿಗೆ? ಎಲ್ಲ ಕಡೆ ಮೇಲೆ ಹತ್ತಿ ನೋಡೋಕಾಗುತ್ತಾ?" ಸಾಹೇಬರ ಮಾತು ತಡವರಿಸಿತು. ಅಷ್ಟರಲ್ಲಿ ಪುಟ್ಟಿ ಅವರ ಜೇಬಿನ ಪೆನ್ನು ಎಳೆದು ಬಾಯಿಗಿಟ್ಟಳು. ಅವರು ಬೆದರಿ ಅದನ್ನು ಕಿತ್ತುಕೊಂಡರು, ಮುಚ್ಚಳ ನುಂಗಿಲ್ಲವಷ್ಟೇ ಎಂದು ಮಗುವಿನ ಬಾಯಿಯೊಳಗೆ ಬೆರಳು ಆಡಿಸಿ ನೋಡಿದರು. "ಬೇಡಮ್ಮ," ಎಂದರು. "ಅಲ್ಲಿಗೆ ಬೇಡ."

"ಮೊಮ್ಮಗಳಿಗೆ ಬೇಡ," ಎಂದಳು ಹೆಂಡತಿ. "ಊರ ಮಕ್ಕಳಿಗೆ ನಡೆಯುತ್ತೆ."

ಹೇಳಿದ ಮೇಲೆ ಆ ಮಾತು ಅವಳಿಗೂ ಚುಚ್ಚಿತು. ಬೂಟು ಉಜ್ಜುತ್ತ ನಕ್ಕಿದ್ದಳಲ್ಲ, ಆಗಲೂ ಅಲ್ಲಿ ಮಕ್ಕಳಿದ್ದವು. ಮಗಳು ಫೋನು ಕೆಳಗಿಟ್ಟಳು. ಎದ್ದು ಬಂದು ಅಪ್ಪನ ತೊಡೆಯಿಂದ ಮಗುವನ್ನು ಎತ್ತಿಕೊಂಡು ದೂರ ಹೋಗಿ ಕೂತಳು. ಸಾಹೇಬರ ಎರಡೂ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇದ್ದವು.

"ನಾನು ಇವತ್ತು ಹತ್ತಿ ಬಂದೆ," ಎಂದು ಹೆಂಡತಿ ಸರಳಿಲ್ಲದ ಬಾಲ್ಕನಿ, ಫಿನಾಯಿಲು, ಪ್ಲಗ್ಗು ಎಲ್ಲವನ್ನೂ ಹೇಳಿದಳು. "ಈಗ್ಲೇ ಭೂತಗನ್ನಡಿಗೆ ಫೋನ್ ಮಾಡಿ."

"ಅವಳಿಗಾ? ನಾನಾ? ಸೋಮವಾರ ಆಫೀಸಲ್ಲಿ ನಾನೇ ಹೇಗಾದ್ರೂ..."

"ನಾಳೆ ಬೆಳಿಗ್ಗೆ ಅಲ್ಲಿಗೆ ಮತ್ತೆ ಮಕ್ಕಳು ಬರ್ತಾವೆ. ನೀವು ಮಾಡದಿದ್ರೆ ನಾನೇ ಮಾಡ್ತೀನಿ, ಯಾರ ಹೆಂಡತಿ ಅಂತಾನೂ ಹೇಳ್ತೀನಿ."

ಸಾಹೇಬರು ಮಗಳ ಕಡೆ ನೋಡಿದರು. ಅವಳು ಇವರ ಕಡೆ ನೋಡಲಿಲ್ಲ. ಕೊನೆಗೆ ಫೋನು ತೆಗೆದು ಒತ್ತಿದರು. ಬೆನ್ನ ಹಿಂದೆ ಅಷ್ಟು ನಕ್ಕವರ ಬಾಯಲ್ಲಿ 'ಮೇಡಂ' ಎಂಬ ಮಾತು ಎರಡನೇ ಸಲಕ್ಕೆ ಹೊರಗೆ ಬಂತು, ನೀಲಿ ಕಟ್ಟಡದ ಬಾಲ್ಕನಿಯ ವಿಷಯ ಆಮೇಲೆ. ಆ ಕಡೆಯ ದನಿ ಗಟ್ಟಿಯಾಗಿತ್ತು, ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು.

"ಆ ಜಾಗದಲ್ಲಿ ನ್ಯೂನತೆ ಇಲ್ಲ ಅಂತ ಪ್ರತಿಸಲ ಬರೆದೋರು ನೀವೇ ಅಲ್ವಾ ಸಾರ್? ಈಗ ಮೇಲೆ ಹತ್ತಿ ನೋಡಿದ್ರಾ?"

"ಇಲ್ಲ ಮೇಡಂ," ಎಂದರು ಸಾಹೇಬರು. "ನಮ್ಮನೆಯವರು ಹತ್ತಿ ನೋಡ್ಕೊಂಡು ಬಂದ್ರು."

"ಹಾಗಾದ್ರೆ ನಿಜ ಇರ್ಬೇಕು. ಬೆಳಿಗ್ಗೆ ಮಕ್ಕಳು ಬರೋಕ್ಕಿಂತ ಮುಂಚೆ ನಾನು ಬಾಗಿಲಲ್ಲಿರ್ತೀನಿ. ನಿಮ್ಮನೆಯವರನ್ನ ನನ್ನ ಜೊತೆ ಮೇಲೆ ಕಳಿಸಿಕೊಡಿ ಸಾರ್. ನೀವು ಯಾವಾಗಿನ ಹಾಗೆ ಎದುರುಗಡೆ ಚಹಾ ಕುಡೀತಾ ಇರಿ."