ಗೇಟಿನ ನಿಯಮ

ಕಟೇಬೆಯ ಬಲಮಂಡಿ ಮೂರು ದೇಶಗಳ ಫುಟ್‌ಬಾಲ್ ಮೈದಾನಗಳಲ್ಲಿ ಸವೆದಿತ್ತು. ಲುಬುಂಬಾಶಿಯಲ್ಲಿ ಒಮ್ಮೆ ಆಪರೇಷನ್ ಮಾಡಿಸಿಕೊಂಡ, ಪೊಲೊಕ್ವಾನೆಯಲ್ಲಿ ಇನ್ನೊಮ್ಮೆ. ದೊಡ್ಡ ಕ್ಲಬ್ಬುಗಳು ಕೈಬಿಟ್ಟ ಮೇಲೆ ಹುಟ್ಟೂರು ಲುವಾಂಶ್ಯಾಕ್ಕೆ ಮರಳಿ, ಗಣಿ ಕಾರ್ಮಿಕರ ತಂಡ ಕಫುಬು ರೋವರ್ಸ್‌ಗೆ ಮತ್ತೆ ಆಡತೊಡಗಿದ. ಮೊದಲಿನಂತೆ ಓಡಲು ಆಗುತ್ತಿರಲಿಲ್ಲ. ಗೋಲಿನ ಮುಂದೆ ಎಲ್ಲಿ ನಿಂತರೆ ಚೆಂಡು ಕಾಲಿಗೆ ಬರುತ್ತದೆ ಎಂಬುದು ಮಾತ್ರ ಮರೆತಿರಲಿಲ್ಲ. ಊರಿಗೆ ಅಷ್ಟೇ ಸಾಕಿತ್ತು.

ಆ ಭಾನುವಾರ ಸೋತರೆ ತಂಡ ಕೆಳಗಿನ ದರ್ಜೆಗೆ ಬೀಳುತ್ತಿತ್ತು. ಬುಧವಾರವೇ ಆಟಗಾರರನ್ನೆಲ್ಲ ಊರಾಚೆಯ ಹಳೆಯ ಅತಿಥಿಗೃಹದಲ್ಲಿ ಕೂಡಿಹಾಕಿ, ಫೋನು ಕಿತ್ತಿಟ್ಟುಕೊಂಡರು. ಕ್ಯಾಂಪೆಂದರೆ ಹಾಗೇ, ಹೆಂಡತಿಯ ಮುಖವನ್ನೂ ನೋಡುವಂತಿಲ್ಲ. ಕಟೇಬೆ ಹೊರಟಾಗ ತಾಯಿ ಹಾಸಿಗೆ ಹಿಡಿದಿದ್ದಳು, ತಂಗಿ ಕಸೋಂಡೆ ಗಂಜಿ ಕುಡಿಸುತ್ತಿದ್ದಳು. ಅವನು ತಾಯಿಯ ಕೈ ಹಿಡಿದ.

"ಜಾಸ್ತಿಯಾದ್ರೆ ಕಸೋಂಡೇನ ಕಳಿಸಮ್ಮ. ಗೋಡೆ ಹಾರಿಯಾದ್ರೂ ಬರ್ತೀನಿ."

"ಈ ಮಂಡೀಲಿ ಗೋಡೆ ಹಾರ್ತೀಯಾ?" ಎಂದು ತಾಯಿ ನಕ್ಕಳು. "ಹೋಗು. ನೀನು ಬರೋ ತನಕ ಕಾಯ್ತೀನಿ."

ಕ್ಯಾಂಪಿನ ಗೇಟು ನೋಡಿಕೊಳ್ಳುತ್ತಿದ್ದವನು ಮುಸೇಬಾ, ಹಿಂದೆ ಇದೇ ತಂಡದ ಗೋಲ್‌ಕೀಪರ್. ಆ ಗೇಟಿಗೊಂದು ನಿಯಮವಿತ್ತು: ಪಂದ್ಯ ಮುಗಿಯುವ ತನಕ ಕಾಯಿಲೆಯ ಸುದ್ದಿ, ಸಾವಿನ ಸುದ್ದಿ ಒಳಗೆ ಬರಕೂಡದು. ಅಳುವವನ ಕಾಲಿಗೆ ಚೆಂಡು ಸಿಗುವುದಿಲ್ಲ ಎಂದು ವಾದಿಸಿ, ಕಮಿಟಿಯ ಹಿರಿಯರನ್ನು ಒಪ್ಪಿಸಿ ಅದನ್ನು ತಂದವನು ಕಟೇಬೆಯೇ, ಅವನು ನಾಯಕನಾಗಿದ್ದ ಕಾಲದಲ್ಲಿ. ಆ ವರ್ಷವೇ ಮುಸೇಬಾನ ತಂದೆ ತೀರಿಕೊಂಡ. ಅಳುತ್ತ ಬಂದ ಅವನ ತಂಗಿಗೆ ಗೇಟಿನಲ್ಲೇ ತಣ್ಣನೆಯ ಕೋಲಾ ಕುಡಿಸಿ, ನಾನೇ ಹೇಳುತ್ತೇನೆಂದು ನಂಬಿಸಿ ವಾಪಸು ಕಳಿಸಿದವನೂ ಕಟೇಬೆಯೇ. ಹೇಳಲಿಲ್ಲ. ಮರುದಿನ ಮುಸೇಬಾ ಪೆನಾಲ್ಟಿ ತಡೆದ, ಕಪ್ ಬಂತು, ಊರು ಕುಣಿಯಿತು. ವಿಷಯ ಗೊತ್ತಾದ ಮೇಲೂ ಮುಸೇಬಾ ಜಗಳವಾಡಲಿಲ್ಲ. ಕಟೇಬೆಯನ್ನು ಅಣ್ಣ ಎಂದು ಕರೆಯುವುದನ್ನು ನಿಲ್ಲಿಸಿದ, ಅಷ್ಟೇ.

ಇಷ್ಟೆಲ್ಲ ಗೊತ್ತಿದ್ದೂ ಈ ಮನುಷ್ಯ ತಾಯಿಗೆ ಹಾಗೆ ಮಾತು ಕೊಟ್ಟು ಬಂದಿದ್ದ. ಬೇಲಿ ಹಾಕಿದವನಿಗೆ ಬೇಲಿ ಅಡ್ಡ ಬರುವುದಿಲ್ಲ ಎಂಬ ಪೊಗರು. ದಿನಾ ಗೇಟಿಗೆ ಹೋಗಿ, ಮನೆಯಿಂದ ಯಾರಾದರೂ ಬಂದಿದ್ದರಾ ಎಂದು ಕೇಳುತ್ತಿದ್ದ. ಯಾರೂ ಬಂದಿಲ್ಲ ಎನ್ನುತ್ತಿದ್ದ ಮುಸೇಬಾ, ಮುಖ ನೋಡದೆ. ಬಂದಿಲ್ಲವೆಂದರೆ ತಾಯಿ ಹುಷಾರಾಗಿದ್ದಾಳೆ ಎಂದುಕೊಂಡು ಕಟೇಬೆ ಶಿಮಾ ಮುದ್ದೆ ಉಂಡು ಮಲಗುತ್ತಿದ್ದ.

ಭಾನುವಾರ ಮಂಡಿಗೆ ಸೂಜಿ ಚುಚ್ಚಿಸಿಕೊಂಡು ಆಡಿದ. ಕೊನೆಯ ಗಳಿಗೆಯಲ್ಲಿ ಚೆಂಡು ಯಾರದೋ ಬೆನ್ನಿಗೆ ಬಡಿದು ಅವನ ಮುಂದೆ ಬಿತ್ತು. ಒದ್ದ. ಅಷ್ಟು ಸಲೀಸಾದ ಗೋಲನ್ನು ಅವನು ಜನ್ಮದಲ್ಲೇ ಹೊಡೆದಿರಲಿಲ್ಲ. ಜನ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಕಮಿಟಿಯ ಹಿರಿಯರು ಮಾತ್ರ ದೂರ ನಿಂತು ಅವನನ್ನೇ ನೋಡುತ್ತಿದ್ದರು. ಅವರು ಬಾಯಿ ತೆರೆಯುವ ಮೊದಲೇ, ತಾಯಿಗೆ ಹೇಳುವ ಆತುರದಲ್ಲಿ ಅವನು ಕುಂಟುತ್ತ ಮನೆಯ ದಾರಿ ಹಿಡಿದ.

ಓಣಿ ತಿರುಗಿದಾಗ ಸೋಫಾ ಕಂಡಿತು. ಪೊಲೊಕ್ವಾನೆಯ ಮೊದಲ ಸಂಬಳದಲ್ಲಿ ತಾಯಿಗೆ ಕೊಡಿಸಿದ ಕೆಂಪು ಸೋಫಾ, ಅಂಗಳದ ಮಾವಿನ ಮರದಡಿ ಇತ್ತು. ಹೆಂಗಸರು ಒಳಗೆ ನೆಲದ ಮೇಲೆ ಕೂತು ಅಳಲು ಜಾಗ ಬೇಕಾದಾಗಷ್ಟೇ ಮನೆಯ ಸಾಮಾನು ಹೊರಗೆ ಬರುತ್ತದೆ. ಗಂಡಸರು ಬೆಂಕಿಯ ಸುತ್ತ ಕೂತಿದ್ದರು. ಯಾರೂ ಗೋಲಿನ ಮಾತೆತ್ತಲಿಲ್ಲ.

ಕಸೋಂಡೆ ಹೊರಗೆ ಬಂದು, ಅಮ್ಮ ನಿನ್ನೆ ಬೆಳಿಗ್ಗೆ ಹೋದಳು ಎಂದಳು.

"ಒಂದು ಮಾತು ಹೇಳಬಾರದಿತ್ತೇನೇ?"

"ಶುಕ್ರವಾರ ಎರಡು ಸಲ ಗೇಟಿಗೆ ಬಂದೆ. ಅಮ್ಮ ನಿನ್ನನ್ನೇ ಕೇಳ್ತಿದ್ದಾಳೆ ಅಂತ ಮುಸೇಬಣ್ಣನ ಕಾಲು ಹಿಡಿದೆ. ಒಳಗೆ ಹೇಳೋ ಹಾಗಿಲ್ಲ, ಇದು ನಿಮ್ಮಣ್ಣನೇ ಮಾಡಿದ ನಿಯಮ ಅಂದ. ಕೋಲಾ ಕೊಡಕ್ಕೆ ಬಂದ. ನಾನು ಕುಡೀಲಿಲ್ಲ."

ಮುಸೇಬಾನ ಮೇಲೆ ಸಿಟ್ಟು ಮಾಡೋಣವೆಂದರೆ ಕಟೇಬೆಗೆ ಸಿಟ್ಟೂ ಬರಲಿಲ್ಲ. ಅಮ್ಮನಿಗೆ ಏನು ಹೇಳಿದೆ ಎಂದು ಕೇಳಿದ.

"ಅವಳಿಗೆ ಯಾವತ್ತು ಸುಳ್ಳು ಹೇಳಿದ್ದೀನಿ? ಅಣ್ಣ ಮಾಡಿದ ನಿಯಮ ಅಂತೆ, ಬಿಡಲ್ವಂತೆ ಅಂದೆ."

"ಏನಂದ್ಲು?"

ಕಸೋಂಡೆ ಸೊಂಟದ ಬಟ್ಟೆಯ ಅಂಚಿನಿಂದ ಮುಖ ಒರೆಸಿಕೊಂಡಳು.

"ಹಾಗಾದ್ರೆ ಇನ್ನು ಕಾಯೋದು ಬೇಡ ಅಂದ್ಲು. ಗೋಡೆ ಕಡೆ ತಿರುಗಿ ಮಲಗಿದ್ಲು."