ಕೂತವನ ಮೂಳೆ

“ಮೈಮೇಲೆ ಲೋಹದ್ದು ಏನಾದ್ರೂ ಇದೆಯಾ ಯಜಮಾನ್ರೇ?” ಎಂದು ಸ್ಕ್ಯಾನಿಂಗ್ ಕೋಣೆಯ ನರ್ಸ್ ಮತ್ತೆ ಕೇಳಿದಾಗಲೂ ದರ್ಜಿ ಇಲ್ಲವೆಂದು ತಲೆಯಾಡಿಸಿದ. ಕಾಲರಿನ ಒಳಮಡಿಕೆಯಲ್ಲಿ ಚುಚ್ಚಿಕೊಂಡಿದ್ದ ಸೂಜಿಯನ್ನು ಸೊಸೆಯೇ ನೋಡಿ ತೆಗೆದಳು.

ಹೆಂಡತಿ ತೀರಿಕೊಂಡ ಮೇಲೆ ಅವನು ಅಂಗಡಿಯ ಬಾಗಿಲು ತೆರೆದಿರಲಿಲ್ಲ. ಜೀವಮಾನವಿಡೀ ಹೊಲಿಗೆ ಯಂತ್ರದ ಮುಂದೆ ಕೂತವನು ಈಗ ಬೆಳಗಾದರೆ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದ. ಊರ ಹೊರಗಿನ ರಸ್ತೆಗಳನ್ನೆಲ್ಲ ಸುತ್ತಿ ಉಣ್ಣುವ ಹೊತ್ತಿಗೆ ಬಂದು, ಉಂಡು ಮತ್ತೆ ಹೊರಡುತ್ತಿದ್ದ. ಎಲ್ಲಿಗೆಂದು ಕೇಳಿದರೆ ಇಲ್ಲೇ ಎನ್ನುತ್ತಿದ್ದ. ಅವನು ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಅವಳು ಮಲಗಿದ್ದ ಒಳಕೋಣೆಗೆ ಕಾಲಿಟ್ಟದ್ದನ್ನೂ. ಮೊಣಕಾಲು ಊದಿ ಕುಂಟತೊಡಗಿದಾಗ ಎಕ್ಸ್-ರೇ ತೆಗೆಸಿದರು. ಅದರಲ್ಲಿ ಏನೂ ಇರಲಿಲ್ಲ. ಅಂಗಡಿ ತೆರೆಯಲು ಮನಸ್ಸಿಲ್ಲದ್ದಕ್ಕೆ ಅಪ್ಪ ಕಾಲಿನ ನೆಪ ಹೂಡಿದ್ದಾನೆಂದು ಮಗ ಗೊಣಗಿದ. ಮಾವ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುವುದನ್ನು ಕಂಡಿದ್ದ ಸೊಸೆ ಮಾತ್ರ ಎಂ.ಆರ್.ಐ. ಆಗಲೇಬೇಕೆಂದು ಹಟ ಹಿಡಿದಳು.

ಅಲುಗಾಡಬಾರದೆಂದು ಹೇಳಿದ್ದರು. ಯಂತ್ರ ದಬದಬನೆ ಬಡಿದುಕೊಳ್ಳುತ್ತಿದ್ದರೆ ಅವನು ಕೊರಡಿನಂತೆ ಬಿದ್ದುಕೊಂಡಿದ್ದ. ಹೆದರಿಕೆಯೂ ಆಗಲಿಲ್ಲ.

ಡಾಕ್ಟರಮ್ಮ ಪರದೆಯ ಮೇಲೆ ಮಂಡಿಯ ಕೆಳಗಿನ ಮೂಳೆಯನ್ನು ತೋರಿಸಿದರು. ಬೆಳ್ಳಗೆ ಹರಡಿದ ಬಾವಿನ ನಡುವೆ ಎಳೆಯಷ್ಟು ಕಪ್ಪು ಗೆರೆ. ಎಲ್ಲಾದರೂ ಬಿದ್ದಿರಾ ಎಂದು ಕೇಳಿದ್ದಕ್ಕೆ ಇಲ್ಲವೆಂದ.

“ಕೂತು ಅಭ್ಯಾಸವಾದ ಮೂಳೆ ಇದು. ಒಂದೇ ಸಲಕ್ಕೆ ಹೀಗೆ ಬಿಡುವಿಲ್ದೆ ನಡೆಸಿದ್ರೆ ಒಳಗೊಳಗೇ ಬಿರುಕು ಬಿಡುತ್ತೆ. ಶುರುವಿನಲ್ಲಿ ಎಕ್ಸ್-ರೇಗೆ ಸಿಗೋದಿಲ್ಲ. ಇಷ್ಟು ದಿನ ನೋವು ಹೇಗೆ ತಡ್ಕೊಂಡ್ರಿ?”

ದರ್ಜಿ ಬೇರೆ ಯಾರದೋ ಕಾಲನ್ನು ನೋಡುವಂತೆ ಚಿತ್ರ ನೋಡಿದ. “ನೋವು ಅಂತ ಗೊತ್ತಾಗ್ಲಿಲ್ಲಮ್ಮ.”

ಮೂಳೆ ತಾನಾಗಿಯೇ ಕೂಡಿಕೊಳ್ಳುತ್ತದೆ, ಆದರೆ ಕೆಲವು ವಾರ ಆ ಕಾಲನ್ನು ನೆಲಕ್ಕೆ ಊರುವಂತಿಲ್ಲ ಎಂದರು. ಮನೆಯ ಬಾಗಿಲಲ್ಲಿ ಮಗ ಅಪ್ಪನಿಗೆ ಹೆಗಲು ಕೊಟ್ಟ. ಒಳಕೋಣೆಯತ್ತ ತಿರುಗಿದಾಗ ದರ್ಜಿ ನಿಂತುಬಿಟ್ಟ.

“ಅಲ್ಲಿ ಬೇಡ.”

“ನೆಲದ ಮೇಲೆ ಮಲಗಿದ್ರೆ ಏಳೋದು ಹೇಗೆ ಮಾವ? ಮನೇಲಿ ಇರೋದೇ ಒಂದು ಮಂಚ,” ಎಂದಳು ಸೊಸೆ.

ಅವನನ್ನು ಆ ಮಂಚದ ಮೇಲೆ ಮಲಗಿಸಿ, ಕಾಲಿನಡಿ ದಿಂಬಿಟ್ಟು ಇಬ್ಬರೂ ಹೊರಗೆ ಹೋದರು. ಹತ್ತಿಯ ಹಾಸಿಗೆಯಲ್ಲಿ ಹೆಂಡತಿ ಮಲಗಿದ್ದಷ್ಟು ಜಾಗ ಇನ್ನೂ ತಗ್ಗಾಗಿಯೇ ಇತ್ತು. ದರ್ಜಿ ಕೈಯೂರಿ, ಮೈಯನ್ನು ಇಷ್ಟಿಷ್ಟೇ ಎಳೆದುಕೊಂಡು, ಆ ತಗ್ಗನ್ನು ಬಿಟ್ಟು ಅಂಚಿಗೆ ಸರಿದು ಮಲಗಿದ.