ದುಂಡವ್ವನ ಸೋರದ ಬುಟ್ಟಿಗಳು

ಬಿದಿರಿನ ಬುಟ್ಟಿಯಲ್ಲಿ ಏನು ಹಾಕುತ್ತೀರಿ ಎಂಬುದು ತಿಳಿಯದೆ ದುಂಡವ್ವ ಬೆಲೆ ಹೇಳುವವಳಲ್ಲ. ರೊಟ್ಟಿಗಾದರೆ ತಳದಲ್ಲಿ ಹಬೆ ಹೋಗುವಷ್ಟು ಸಂದಿ, ಸೆಗಣಿ ಹೊರಲಿಕ್ಕಾದರೆ ದಪ್ಪ ಸೀಳು, ಕೋಳಿ ಮುಚ್ಚಲಿಕ್ಕಾದರೆ ಕೊಕ್ಕಷ್ಟೇ ಹೊರಬರುವ ಕಿಂಡಿ. ಸುಮ್ಮನೆ ಚೆಂದಕ್ಕೆ ಎಂದವರನ್ನು, ಬಲ ಮೊಣಕಾಲು ಕುಣಿಸುತ್ತ, ಜ್ವರ ಬಂದ ಮಗುವನ್ನು ನೋಡುವಂತೆ ನೋಡುತ್ತಾಳೆ.

ಐನಾಪುರದಲ್ಲಿ ನಮ್ಮ ಮನೆಯಿಂದ ನಾಲ್ಕನೆಯ ಬಾಗಿಲು ಅವಳದು. ಪ್ಲಾಸ್ಟಿಕ್ ಬಂದ ಮೇಲೆ ಕೊಳ್ಳುವವರು ಕಡಿಮೆಯಾಗಿ, ಯುಗಾದಿಯೊಳಗೆ ಕೆಲಸ ಸಿಗದಿದ್ದರೆ ಹೆಣಿಗೆ ಬಿಟ್ಟು ಬೋರಗಾಂವದ ಮಗಳ ಮನೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕೂರಬೇಕೆಂದು ಮಗ ಸತ್ತೆಪ್ಪ ಹೇಳಿಬಿಟ್ಟಿದ್ದ. ಅದಕ್ಕೇ ನಾನು, ಕಾಲೇಜಿನಲ್ಲಿ ಪಾಠ ಹೇಳಿ ಮುಗಿಸಿಕೊಂಡು ಮೂರು ಸಲ ನಿಪ್ಪಾಣಿಗೆ ಅಲೆದು, ಹೆದ್ದಾರಿಯ ಹೋಟೆಲಿನ ತಾತ್ಯಾಸಾಹೇಬರನ್ನು ಒಪ್ಪಿಸಿ ಬಂದೆ: ದೀಪದ ಮೇಲೆ ಬೋರಲಾಗಿ ತೂಗುಹಾಕಲು ನಲವತ್ತು ಬುಟ್ಟಿ, ಹಿಡಿಸಿದರೆ ವರ್ಷವಿಡೀ ಕೆಲಸ. ಒಳಗೆ ಬಲ್ಬು ಇರುತ್ತದೆ, ಬೆಳಕು ಸಂದಿಗಳಿಂದ ಹೊರಬರಬೇಕು ಎಂದು ದುಂಡವ್ವನಿಗೆ ಚಿತ್ರ ಬರೆದು ತೋರಿಸಿದೆ. ಅವಳು ತಲೆಯಾಡಿಸಿದಳು. ಅವಳು ತಲೆಯಾಡಿಸುವುದು ಒಪ್ಪಿಗೆಯಿಂದಲ್ಲ, ಎದುರಿನವರು ಮಾತು ಮುಗಿಸಿ ಹೊರಡಲಿ ಎಂದು. ಅದು ನನಗೆ ತಿಳಿದಿರಬೇಕಿತ್ತು.

ಒಯ್ಯುವ ದಿನ ಹೋಗಿ ನೋಡಿದರೆ, ನಲವತ್ತೂ ಅಂಗಳದಲ್ಲಿ ಒಣಗುತ್ತಿದ್ದವು. ಕಾಳಿನ ಬುಟ್ಟಿಗೆ ಬಳಿಯುವ ಹಾಗೆ ಒಳಗೂ ಹೊರಗೂ ಸೆಗಣಿ ಬಳಿದು, ಒಂದು ಸಂದಿಯೂ ಉಳಿಯದಂತೆ.

"ಆಯಿ, ಬೆಳಕ ಎಲ್ಲಿಂದ ಬರಬೇಕ ಈಗ?" ಎಂದೆ.

"ಹೋಟೆಲ್ಲ ಇವತ್ತ ಐತಿ, ನಾಳಿ ಇರಂಗಿಲ್ರಿ ಅಕ್ಕೋರ. ಆಮ್ಯಾಲ ಯಾರರ ಇದರಾಗ ಜ್ವಾಳ ಹಾಕಿದ್ರ? ದುಂಡವ್ವನ ಬುಟ್ಟಿ ಸೋರತೈತಿ ಅಂತಾರ. ಬಲ್ಬಿನ ಸುದ್ದಿ ಯಾರ ಕೇಳ್ತಾರ?"

ತೊಳೆಯೋಣವೆಂದೆ. ತೊಳೆದರೆ ಬಿದಿರು ಕಪ್ಪಾಗುತ್ತದೆಂದಳು. ಹಾಳಾದ್ದು, ಅದೂ ನಿಜವೇ. ಹಾಗೇ ನಿಪ್ಪಾಣಿಗೆ ಒಯ್ದಾಗ ತಾತ್ಯಾಸಾಹೇಬರು ಒಂದನ್ನು ಮೂಸಿ ಕೆಳಗಿಟ್ಟು, ನನಗೆ ಚಹಾ ಹೇಳಿದರು. ಬುಟ್ಟಿಗಳು ಬಂದ ಟೆಂಪೋದಲ್ಲೇ ಹಿಂದಿರುಗಿದವು. ಸೋಮವಾರ ದುಂಡವ್ವ ಬೋರಗಾಂವದ ಬಸ್ಸು ಹತ್ತಿದಳು. ಕಿಟಕಿಯಿಂದ ಬಾಗಿ, ಬುಟ್ಟಿಗಳಿಗೆ ಇನ್ನೆರಡು ಬಿಸಿಲು ಬೇಕೆಂದು ನನಗೇ ತಾಕೀತು ಮಾಡಿದಳು.

ಇಂಥವರಿಗೆ ಕೆಲಸ ಕೊಡಿಸಲು ಹೋದವರು ಸಿಟ್ಟು ಹೊತ್ತುಕೊಂಡೇ ಮರಳಬೇಕು. ಅವರ ಕೆಲಸದಲ್ಲಿ ತಪ್ಪು ಸಿಗುವುದಿಲ್ಲ. ಕೆಲಸ ಹೇಳಿದವರು ಯಾರೆಂಬುದನ್ನಷ್ಟೇ ಮರೆತಿರುತ್ತಾರೆ. ಎದುರಿಗೆ ನಿಂತು ಅಂಗಲಾಚುವ ನಮಗಿಂತ, ಇನ್ನೂ ಬಾರದ ಯಾರದೋ ಒಂದು ಹಿಡಿ ಜೋಳ ಅವರಿಗೆ ಹೆಚ್ಚು.